ಸರಪಳಿ ಇಲ್ಲದ ಆನೆ

ನಾನು ಆನೆ ನೋಡಿ ಬಂದೆ! ಕಾಲಿಗೆ ಸರಪಳಿ ಇಲ್ಲದ ಆನೆ. ಒಂದಲ್ಲ, ಹಿಂಡಿಗೆ ಹಿಂಡೇ. ಬನಹಟ್ಟಿಯ ನಮ್ಮ ಓಣಿಯ ಹೆಂಗಸರೆಲ್ಲ ಕೇಳಿ ಕೇಳಿ ಬೇಸತ್ತಿದ್ದಾರೆ, ನನಗೆ ಮಾತ್ರ ಹೇಳಿ ಮುಗಿದಿಲ್ಲ. ನೀರಿಗೆ ಹೋದರೂ ಅದೇ ಮಾತು, ರೊಟ್ಟಿ ಬಡಿಯುವಾಗಲೂ ಅದೇ ಮಾತು. ಕಡೆಗೆ ಮೊಮ್ಮಗಳೇ, "ಬಾಯಿಲೆ ಹೇಳೂದು ಸಾಕು ಆಯಿ, ಇನ್ನ ಬರದು ಇಡು" ಎಂದು ಪೆನ್ನು ಕೈಗೆ ಕೊಟ್ಟಳು. ನಾನು ಕಲಿತದ್ದು ಮೂರನೇ ಇಯತ್ತೆ. ತಪ್ಪಿದ್ದಲ್ಲಿ ಅವಳು ತಿದ್ದುತ್ತಾಳೆ, ಅವಳೇ ಈಗ ಮುಧೋಳದಲ್ಲಿ ಸಾಲಿ ಮಾಸ್ತರಣಿ.

ಆದರೆ ಬರೆಯಲು ಕುಂತರೆ ಸಂತೋಷಕ್ಕಿಂತ ಮೊದಲು ಕಹಿಯೇ ಬಾಯಿಗೆ ಬರುತ್ತದೆ. ಬರಲಿ. ಅದನ್ನು ನುಂಗಿಕೊಂಡು ಬರೆದರೆ ಆನೆಯೂ ಸುಳ್ಳಾಗುತ್ತದೆ.

ನನ್ನ ತವರು ಚಿಮ್ಮಡ. ಸಣ್ಣವಳಿದ್ದಾಗ ಒಬ್ಬ ಮಾವುತ ಆನೆ ಹೊಡಕೊಂಡು ಊರಿಗೆ ಬಂದಿದ್ದ. ಎಲ್ಲರೂ ಅದರ ಸೊಂಡಿಲು ನೋಡಿದರು, ನಾನು ಕಾಲು ನೋಡಿದೆ. ಸರಪಳಿ ಕೂತ ಜಾಗದಲ್ಲಿ ಚರ್ಮ ಸವೆದು, ಮಗ್ಗದ ಲಾಳಿ ಓಡಿ ಓಡಿ ನುಣುಪಾದ ಹಲಗೆಯ ಹಾಗೆ ಹೊಳೆಯುತ್ತಿತ್ತು. "ಅಪ್ಪಾ, ಇದನ್ನ ಬಿಚ್ಚೂದ ಇಲ್ಲೇನ?" ಎಂದು ಕೇಳಿದೆ. "ಬಿಚ್ಚಿದ ಆನಿ ಅಡವ್ಯಾಗ ಇರತಾವ ಮಗಳ, ನಮ್ಮ ಊರಾಗಲ್ಲ" ಎಂದ ಅಪ್ಪ. ಅಂದಿನಿಂದ ಬಿಚ್ಚಿದ ಆನೆ ನೋಡಬೇಕು ಎಂಬುದೊಂದು ಹುಚ್ಚು ನನಗೆ ಹಿಡಿಯಿತು.

ಲಗ್ನವಾಗಿ ನೇಕಾರರ ಮನೆಗೆ ಬಂದೆ. ನನ್ನ ಗಂಡ, ಮನೆಯೊಡೆಯರು, ಮಗ್ಗದ ಕುಣಿಯಲ್ಲಿ ಕಾಲು ಇಳಿಬಿಟ್ಟು ಸೀರೆ ನೇಯುವುದು, ನಾನು ಗೋಡೆಗೆ ಆತು ಕುಂತು ಅವರ ಲಾಳಿಗೆ ನೂಲಿನ ಕಂಡಿಕೆ ಸುತ್ತುವುದು. ರಾಟಿ ತಿರುಗಿಸುತ್ತ ಆ ಆನೆಯ ಕಾಲಿನ ಮಾತನ್ನು ಅವರಿಗೆ ಎಷ್ಟು ಸಲ ಹೇಳಿದೆನೋ. "ಈ ಹಾಸು ಇಳೀಲಿ, ಹೋಗೂಣು" ಎನ್ನುವರು. ಮಗ್ಗಕ್ಕೆ ಏರಿದ ಹಾಸನ್ನು, ಅಂದರೆ ಉದ್ದೆಳೆಯನ್ನು, ಅರ್ಧಕ್ಕೆ ಬಿಟ್ಟು ಊರು ದಾಟಬಾರದು ಎಂಬುದು ನಮ್ಮ ಮನೆಯ ಪದ್ಧತಿ. ಒಂದು ಹಾಸು ಇಳಿಯುವುದರೊಳಗೆ ಇನ್ನೊಂದು ಬಾಗಿಲಲ್ಲಿ ನಿಂತಿರುತ್ತಿತ್ತು. ಅತ್ತಿತ್ತ ಹೋಗಲು ನಮ್ಮೂರಿಗೆ ರೈಲಾದರೂ ಇದೆಯೇ? ನಾನು ಸೊಸೆಯಾಗಿ ಬಂದಾಗಿನಿಂದ ರೈಲು ಬರುತ್ತದೆ, ಬರುತ್ತದೆ ಎನ್ನುತ್ತಲೇ ಇದ್ದಾರೆ. ನನ್ನ ತಲೆ ಬೆಳ್ಳಗಾಯಿತು, ರೈಲು ಇನ್ನೂ ಬರುತ್ತಲೇ ಇದೆ.

ಮಗ ಜಮಖಂಡಿಯ ಒಂದು ಸರಕಾರಿ ಆಫೀಸಿನಲ್ಲಿ ನೌಕರಿಗೆ ಸೇರಿದ. ಊರು ನೋಡಲು ಸರಕಾರವೇ ರೈಲು ಖರ್ಚು ಕೊಡುತ್ತದೆ ಎಂದು ಒಂದು ದಿನ ಹೇಳಿದ. ಮೈಸೂರಿನ ಆಚೆ ಹುಲಿ, ಆನೆ ಇರುವ ರಾಷ್ಟ್ರೀಯ ಉದ್ಯಾನ ಇದೆಯಂತೆ, ಅಲ್ಲಿಗೆ ಹೋಗುವುದೆಂದು ನಿಕ್ಕಿಯಾಯಿತು. ಆಗ ನನ್ನ ಕಾಲು ನೆಲಕ್ಕೆ ಹತ್ತಲಿಲ್ಲ.

ಮನೆಯೊಡೆಯರಿಗೂ ಹುರುಪು ಬಂತು. "ನಿನಗ ಒಂದು ಸೀರಿ ನೇಯತೇನಿ ತಡಿ" ಎಂದರು. ಯಾವ ಬಣ್ಣ ಎಂದರೆ, "ಕೆಂಪು. ಅಡವಿ ಅಂದ್ರ ಎಲ್ಲಾ ಹಸರು. ಹಸರು ಮೈಮ್ಯಾಲೆ ಕೆಂಪು ಬಿದ್ದರ ಹೆಂಗ ಎದ್ದು ಕಾಣತೈತಿ! ನೀ ಅಲ್ಲಿ ಹಂಗ ಕಾಣಬೇಕು" ಎಂದರು. ಕಾಡನ್ನೂ ಅವರು ಒಂದು ಸೀರೆಯ ಹಾಗೆಯೇ ಕಂಡಿದ್ದರು. ನೇಕಾರನ ಕಣ್ಣು, ಏನು ಮಾಡುವುದು! ಸೆರಗಿನಲ್ಲಿ ಬೆರಳಿನಿಂದ ಎಳೆ ಎತ್ತಿ ಎತ್ತಿ ಆನೆಗಳ ಸಾಲು ಕೂರಿಸಿದರು. ಅದಕ್ಕೆ ಕಂಡಿಕೆ ಸುತ್ತಿದವಳೂ ನಾನೇ. ಸುತ್ತುವಾಗ ನನ್ನಷ್ಟು ಸುಖಿ ಇಡೀ ಬನಹಟ್ಟಿಯಲ್ಲಿ ಇರಲಿಲ್ಲ ಎಂದು ಈಗಲೂ ಹೇಳುತ್ತೇನೆ.

ಕುಡಚಿಯ ತನಕ ಬಸ್ಸು, ಅಲ್ಲಿಂದ ರೈಲು. ಆಗಿನದು ಕಲ್ಲಿದ್ದಲ ಎಂಜಿನ್ನು. ಕಿಟಕಿಯ ಹತ್ತಿರ ಕುಂತವಳ ಮೈತುಂಬ ಮಸಿ. ಹೊಸ ಸೀರೆ ಟ್ರಂಕಿನಲ್ಲಿತ್ತು, ಮೈಮೇಲೆ ಹಳೆಯದು. ಸಜ್ಜಿ ರೊಟ್ಟಿ, ಶೇಂಗಾ ಹಿಂಡಿ, ಕೆಂಪು ಖಾರ ಬಿಚ್ಚಿದರೆ ರೈಲಿನ ಇಡೀ ಡಬ್ಬಿಯೇ ಘಮಘಮ. ಎರಡನೇ ಇಯತ್ತೆಯ ಮೊಮ್ಮಗಳು ನನ್ನ ತೊಡೆಯ ಮೇಲೆ. ಹುಬ್ಬಳ್ಳಿ ದಾಟಿತು, ಅರಸೀಕೆರೆಯಲ್ಲಿ ಗಾಡಿ ಬದಲಾಯಿತು. "ಆಯಿ, ಆನಿ ಬಂತೇನ?" ಎಂದು ಅವಳು ಪ್ರತಿ ಸ್ಟೇಶನ್ನಿನಲ್ಲಿ ಕೇಳುವಳು. "ಬಂತು, ಬಂತು" ಎನ್ನುವೆ. ನಾನೂ ಅವಳಷ್ಟೇ ಹುಡುಗಿಯಾಗಿದ್ದೆ.

ಮೈಸೂರಿನ ಛತ್ರದಲ್ಲಿ ಮಸಿ ಸೀರೆ ಒಗೆದು ಹಾಕಿ, ಹೊಸದರ ಗಳಿಗೆ ಮುರಿದು, ಅಂದರೆ ಮೊದಲ ಸಲ ಮಡಿಕೆ ಬಿಚ್ಚಿ, ಉಟ್ಟೆ. ಗಳಿಗೆ ಮುರಿದ ಸೀರೆಯನ್ನು ಆ ದಿನ ಹೊತ್ತು ಮುಳುಗುವ ತನಕ ಬಿಚ್ಚಬಾರದು, ಬಿಚ್ಚಿದರೆ ನೇಯ್ದವನ ಕೈಗೆ ಅಪಶಕುನ. ಇದೂ ನಮ್ಮ ಮನೆಯ ಪದ್ಧತಿಯೇ. ಗಂಟುಮೂಟೆಯನ್ನೆಲ್ಲ ಛತ್ರದಲ್ಲೇ ಬಿಟ್ಟು ಬಸ್ಸು ಹತ್ತಿದೆವು.

ಕಾಡಿನ ಗೇಟಿನಲ್ಲಿ ಇಲಾಖೆಯ ವ್ಯಾನು ನಿಂತಿತ್ತು. ಎಲ್ಲರೂ ಹತ್ತಿದರು. ನಾನು ಮೆಟ್ಟಿಲ ಮೇಲೆ ಕಾಲಿಟ್ಟದ್ದೇ ತಡ, ಗಾರ್ಡು ಕೈ ಅಡ್ಡ ಹಿಡಿದ.

"ಅಮ್ಮಾ, ನೀವು ಬರೋ ಹಾಗಿಲ್ಲ. ಇಷ್ಟು ಕೆಂಪು ಸೀರೆ ಉಟ್ಕೊಂಡ್ರೆ ಹೇಗೆ? ಒಳಗೆ ಮರಿ ಹಾಕಿರೋ ಆನೆ ಇದೆ. ಈ ಬಣ್ಣ ಅದಕ್ಕೆ ದೂರದಿಂದಲೇ ಎದ್ದು ಕಾಣುತ್ತೆ."

ಎದ್ದು ಕಾಣುತ್ತದೆ! ಮನೆಯೊಡೆಯರು ಬಯಸಿದ್ದೂ ಅದನ್ನೇ.

"ಸಾಹೇಬ್ರ, ಬಾಳ ದೂರದಿಂದ ಬಂದೇವ್ರಿ" ಎಂದೆ. ಅವನು ತಲೆ ಅಲ್ಲಾಡಿಸಿದ. ಅವನದು ತಪ್ಪಿಲ್ಲ, ಅವನ ಕೆಲಸ ಅವನು ಮಾಡಿದ.

ಮೆಹಂದಿ ಹಸಿರು ಬಣ್ಣದ ಸೀರೆ ಉಟ್ಟಿದ್ದ ಸೊಸೆ ತಕ್ಷಣ ಎದ್ದು ನಿಂತಳು. "ಅತ್ತಿ, ನಂದು ಉಟಗೊಳ್ರಿ. ನಿಮ್ಮದು ನಾ ಉಟಗೊಂಡು ಇಲ್ಲೇ ಕುಂಡ್ರತೇನಿ. ಮುಂದ ನೋಡಾಕ ನನಗ ವಯಸ್ಸೈತಿ."

ನನ್ನ ಕಣ್ಣಿನಲ್ಲಿ ನೀರು ಬಂತು. ನಾನು ಬಿಚ್ಚುತ್ತಿದ್ದೆ. ಅಪಶಕುನವೋ ಗಿಪಶಕುನವೋ, ಗೇಟಿನ ಹತ್ತಿರದ ಆಫೀಸಿನ ಮರೆಯಲ್ಲಿ ನಿಂತು ಬಿಚ್ಚಿ ಕೊಡುತ್ತಿದ್ದೆ. ಅಷ್ಟರಲ್ಲಿ ಕಿಟಕಿಯೊಳಗಿಂದ ಮನೆಯೊಡೆಯರು ಕೂಗಿದರು:

"ಏ, ಗಳಿಗಿ ಮುರದ ಸೀರಿ ಹೊತ್ತು ಮುಣಗೂತನಾ ಬಿಚ್ಚಬಾರದು! ಗೊತ್ತಿಲ್ಲೇನ ನಿನಗ? ನನ್ನ ಕೈಯಾನ ಕೆಲಸ ಅದು!"

"ಹಂಗಾರ ನೀವರ ಇಳೀರಿ, ಇಬ್ಬರೂ ಇಲ್ಲೇ ಕುಂಡ್ರೂಣು" ಎಂದೆ.

ಅವರು ಒಂದು ಕಾಲು ಕೆಳಗಿಟ್ಟರು. ಖರೆ ಹೇಳುತ್ತೇನೆ, ಇಟ್ಟರು. ಮಗ ಹೇಳಿದ: "ಅಪ್ಪಾ, ಟಿಕೆಟ್ ಹರದಾರ, ಸುಮ್ನ ಕುಂಡ್ರು. ಯವ್ವಾ, ನೀ ಇಲ್ಲೇ ನೆಳ್ಳಾಗ ಇರು, ತಾಸಿನ್ಯಾಗ ಬರತೇವು." ಆ ಕಾಲು ಮತ್ತೆ ಮೇಲೆ ಹೋಯಿತು. ಗಂಡನ ಆ ಒಂದು ಕಾಲನ್ನು ನಾನು ಇಂದಿಗೂ ಮರೆತಿಲ್ಲ.

ವ್ಯಾನು ಗುರುಗುಟ್ಟಿತು. ಅಜ್ಜನ, ಅವಳ ಮಾತಿನಲ್ಲಿ ಮುತ್ಯಾನ, ತೊಡೆಯ ಮೇಲೆ ಕಿಟಕಿಗೆ ಕುಂತಿದ್ದ ಮೊಮ್ಮಗಳು ಕೊಸರಿಕೊಂಡು ಬಾಗಿಲಿನಿಂದ ಜಿಗಿದೇಬಿಟ್ಟಳು!

"ನಾ ಒಲ್ಲೆ. ನಾ ಆಯಿ ಹಂತೇಕ ಇರತೇನಿ."

"ಏ ಹುಚ್ಚಿ, ಆನಿ ನೋಡಂಗಿಲ್ಲೇನ?" ಎಂದ ಅವಳ ಅಪ್ಪ.

"ಆಯಿ ನೋಡಿದಾಗ ನೋಡತೇನಿ ತಗೋ."

ವ್ಯಾನು ಧೂಳೆಬ್ಬಿಸಿ ಹೋಯಿತು. ಒಂದು ಕೈಯಿಂದ ಕಣ್ಣು ಒರೆಸಿಕೊಂಡೆ, ಇನ್ನೊಂದರಿಂದ ಅವಳನ್ನು ಎದೆಗೆ ಅವುಚಿಕೊಂಡೆ. ಇಷ್ಟೇ ಇಷ್ಟು ಮೊಳಕೆ, ದೊಡ್ಡವರಿಗೆ ತೋಚದ್ದು ಇದಕ್ಕೆ ತೋಚಿತಲ್ಲ!

ಆಫೀಸಿನ ಹಿಂದೆ ಇಲಾಖೆಯ ಒಂದು ಆನೆ ಕಟ್ಟಿದ್ದರು, ಕಟ್ಟಿಗೆ ಎಳೆಯುವುದು. ಅಲ್ಲಿದ್ದವನೊಬ್ಬ, "ಬನ್ನಿ ಅಜ್ಜಿ, ಇದನ್ನಾದ್ರೂ ನೋಡಿ" ಎಂದು ಕರೆದ. ಹೋದೆ. ಕಾಲಿಗೆ ಸರಪಳಿ. ಅದೇ ಸವೆದ ಚರ್ಮ, ಅದೇ ನುಣುಪು. ಎರಡು ರೈಲು ಹತ್ತಿ, ಮಸಿ ತಿಂದು, ಅಷ್ಟು ದೂರ ಹೋಗಿ ನಾನು ನೋಡಿದ್ದು ಚಿಮ್ಮಡದ ಆನೆಯನ್ನೇ.

ವ್ಯಾನು ತಿರುಗಿ ಬಂತು. ಮನೆಯೊಡೆಯರು ಇಳಿಯುವಾಗಲೇ ಕುಣಿಯುತ್ತಿದ್ದರು.

"ಏನ ಹಿಂಡು, ಏನ ಹಿಂಡು! ಮರಿ ತಾಯಿ ಹೊಟ್ಟಿ ಬುಡಕ ನಿಂತಿತ್ತು. ನೀ ಬರಬೇಕಿತ್ತ ನೋಡು!"

"ಕಾಲಾಗ ಸರಪಳಿ ಇತ್ತೇನ್ರಿ?" ಎಂದು ಕೇಳಿದೆ.

"ಅಡವಿ ಆನಿಗೆ ಯಾರ ಸರಪಳಿ ಹಾಕತಾರ? ಹುಚ್ಚಿ!" ಎಂದು ನಕ್ಕರು. ಮಗನೂ ನಕ್ಕ. ನಾನು ರಾಟಿ ಮುಂದೆ ಕುಂತು ಅಷ್ಟು ವರ್ಷ ಹೇಳಿದ ಮಾತು ಅವರ ಕಿವಿಗೆ ಬಿದ್ದಿರಲೇ ಇಲ್ಲ. ಮಗ್ಗದ ಸಪ್ಪಳದಲ್ಲಿ ಕೇಳಿಸಿರಲಿಲ್ಲವೇನೋ ಎಂದುಕೊಂಡೆ. ಆದರೆ ಊಟಕ್ಕೆ ಕುಂತಾಗಲೂ ಹೇಳಿದ್ದೆನಲ್ಲ.

ಊರಿಗೆ ಬಂದ ಮೇಲೆ ಕಟ್ಟೆಯ ಮೇಲೆ ಅವರದೇ ಕಥೆ. ವರ್ಷ ಹೋದಂತೆ ಆನೆಗಳು ದೊಡ್ಡವಾದವು, ವ್ಯಾನಿನ ಹತ್ತಿರ ಹತ್ತಿರ ಬಂದವು. "ಮನಿಯಾಕಿ ಯಾಕ ಬರಲಿಲ್ಲೋ?" ಎಂದು ಯಾರಾದರೂ ಕೇಳಿದರೆ, "ಆಕಿ ಅಂಜಿದ್ಲು" ಎನ್ನುವರು. ಒಳಗೆ ರೊಟ್ಟಿ ಬಡಿಯುತ್ತ ಕೇಳಿಸಿಕೊಳ್ಳುವೆ. ಆ ರೊಟ್ಟಿಗೆ ಒಂದೆರಡು ಪೆಟ್ಟು ಹೆಚ್ಚು ಬೀಳುತ್ತಿದ್ದವು. ಕೆಂಪು ಸೀರೆಯನ್ನು ನಾನು ಮತ್ತೆ ಉಡಲಿಲ್ಲ. ಲಗ್ನಕ್ಕೆ ಉಡು, ಹಬ್ಬಕ್ಕೆ ಉಡು ಎಂದು ಅವರು ಹೇಳಿದಾಗಲೆಲ್ಲ, "ನಿಮ್ಮ ಕೈಯಾನ ಕೆಲಸ ಐತಿ, ಸವದೀತು" ಎನ್ನುವೆ.

ನಮ್ಮ ಮಗ್ಗ ನಿಂತಿತು. ಓಣಿಯ ತುಂಬ ಪವರ್‌ಲೂಮಿನ ಖಟಖಟ. ಮೊಮ್ಮಗಳು ಕಲಿತಳು, ನೌಕರಿ ಹಿಡಿದಳು. ಮೊನ್ನೆ ಸಾಲಿ ರಜೆಗೆ ಬಂದವಳೇ ಹೇಳಿದಳು: "ಆಯಿ, ಕುಡಚಿಗೆ ನಡಿ. ರಿಜರ್ವೇಶನ್ ಮಾಡಿಸೇನಿ. ನಾನು, ನೀನು, ಇಬ್ಬರ."

"ಮುತ್ಯಾ?" ಎಂದೆ, ಬಾಯಿ ಮಾತಿಗೆ.

"ಮುತ್ಯಾ ನೋಡ್ಯಾನಲ್ಲ" ಎಂದಳು.

ಮುಧೋಳದ ಅಂಗಡಿಯಿಂದ ನನಗೊಂದು ಸೀರೆ ತಂದಿದ್ದಳು. ಮಣ್ಣಿನ ಬಣ್ಣ, ಪವರ್‌ಲೂಮಿನದು, ಹೂವಿಲ್ಲ, ಆನೆಯಿಲ್ಲ. ಅಂಥ ಚಂದದ ಸೀರೆ ನಾನು ಜನ್ಮದಲ್ಲಿ ಉಟ್ಟಿರಲಿಲ್ಲ. ಈಗಿನ ರೈಲಿಗೆ ಹೊಗೆಯೂ ಇಲ್ಲ, ಮಸಿಯೂ ಇಲ್ಲ. ಅದೇ ಗೇಟು, ಬೇರೆ ಗಾರ್ಡು. ನನ್ನ ಸೀರೆಯತ್ತ ಅವನು ಕಣ್ಣೆತ್ತಿಯೂ ನೋಡಲಿಲ್ಲ.

ಒಂದು ತಿರುವಿನಲ್ಲಿ ವ್ಯಾನು ನಿಂತಿತು. ಬಂದವಪ್ಪ! ಮೊದಲು ಮುದುಕಿ ಆನೆ, ಹಿಂದೆ ಮರಿಗಳು, ಮತ್ತೆ ದೊಡ್ಡವು. ನಾನು ಕಾಲನ್ನೇ ನೋಡಿದೆ. ಕಾಲಿನ ಸುತ್ತ ಬರೀ ಕೆಮ್ಮಣ್ಣಿನ ಧೂಳು. ಸರಪಳಿಯೂ ಇಲ್ಲ, ಅದರ ಗುರುತೂ ಇಲ್ಲ. ಅಷ್ಟು ದೊಡ್ಡ ಕಾಲು ನೆಲಕ್ಕೆ ಬಿದ್ದರೂ ಸಪ್ಪಳವಿಲ್ಲ. ಸೆರಗು ಬಾಯಿಗೆ ತುರುಕಿಕೊಂಡೆ, ಇಲ್ಲದಿದ್ದರೆ ಕೂಗಿಬಿಡುತ್ತಿದ್ದೆ. ತಿರುಗಿದರೆ ಮೊಮ್ಮಗಳು ನನ್ನ ಮುಖವನ್ನೇ ನೋಡುತ್ತ ಕುಂತಿದ್ದಾಳೆ.

"ಅಲ್ಲಿ ನೋಡ, ಹುಚ್ಚಿ!" ಎಂದೆ.

"ನೋಡಾಕತ್ತೇನಿ ತಗೋ" ಎಂದಳು.

ತಿರುಗಿ ಬರುವಾಗ ಕುಡಚಿಯ ತನಕ ಒಂದೇ ಮಾತನ್ನು ಬಾಯಲ್ಲಿ ಹೊರಳಿಸುತ್ತ ಬಂದೆ. ಮನೆಯೊಡೆಯರು ಪಡಸಾಲೆಯಲ್ಲಿ, ಮುಚ್ಚಿದ ಮಗ್ಗದ ಕುಣಿಯ ಮೇಲೆ ಹಾಸಿಗೆ ಹಾಕಿಕೊಂಡು ಕುಂತಿದ್ದರು.

"ಕಂಡುವೇನ?" ಎಂದರು.

"ಕಂಡುವು. ನೀವು ಬರಬೇಕಿತ್ತ ನೋಡ್ರಿ."

ತಮ್ಮದೇ ಆ ಮಾತಿನ ಗುರುತು ಅವರಿಗೆ ಸಿಕ್ಕಿತೋ ಇಲ್ಲವೋ, ನಾನು ಕೇಳಲಿಲ್ಲ. ಅವರು ಕೈ ಚಾಚಿ ನನ್ನ ಸೀರೆಯ ಅಂಚನ್ನು ಬೆರಳುಗಳ ನಡುವೆ ತಿಕ್ಕಿ ನೋಡಿದರು.

"ಎಳಿ ಸಡ್ಲ ಐತಿ. ಎರಡು ನೀರಿಗೆ ಹರದು ಹೋಗತೈತಿ."

"ಹರೀಲಿ" ಎಂದೆ. "ಇದರ ಕೆಲಸ ಆತು."