ನೋವಿನ ನಂಬರ್ ಎಷ್ಟು?

“ನೋವು ಚುಚ್ಚತೈತೋ, ಸೆಳೀತೈತೋ, ಜುಮುಜುಮು ಅಂತೈತೋ? ಬಿಡಿಸಿ ಹೇಳ್ರಿ ಅಕ್ಕಾ,” ಎಂದರು ಸಿರುಗುಪ್ಪದ ಡಾಕ್ಟರಮ್ಮ. ನನಗೆ ಅಳುವೇ ಬಂತು.

ನಾನಿರುವುದು ಜರ್ಮನಿಯಲ್ಲಿ, ರಜೆಗೆ ತವರಿಗೆ ಬಂದಿದ್ದೆ. ಜರ್ಮನಿಯ ಆಸ್ಪತ್ರೆಯನ್ನು ದೂರುವಂತಿಲ್ಲ. ಹೇಳಿದ ಹೊತ್ತಿಗೆ ಕರೆದು, ಸಮಾಧಾನದಿಂದ ನೋಡುತ್ತಾರೆ. ಆದರೆ ಕಾಲುನೋವು ಸೊನ್ನೆಯಿಂದ ಹತ್ತರೊಳಗೆ ಎಷ್ಟು ಎಂದು ಕೇಳುತ್ತಾರೆ. ಪ್ರತಿ ಸಲ ಅಂದಾಜಿಗೆ ‘ಆರು’ ಎಂದು ಬರುತ್ತಿದ್ದೆ.

“ಸೊಂಟದಿಂದ ಹಿಮ್ಮಡಿತನಕ ಸೆಳೀತೈತ್ರಿ, ಆಮ್ಯಾಲೆ ಜುಮುಜುಮು ಅಂತೈತಿ,” ಎಂದೆ. ಡಾಕ್ಟರಮ್ಮ ಸೊಂಟದ ಒಂದು ಕಡೆ ಬೆರಳು ಒತ್ತಿದರು. ನೋವಿನ ಬೇರು ಅಲ್ಲೇ ಇತ್ತು.

ವಾಪಸ್ ಹೋದಮೇಲೆ ಇದನ್ನು ಅಲ್ಲಿಯ ಡಾಕ್ಟರಿಗೆ ಹೇಳಿದೆ. ಈಗ ಅವರು ನಂಬರ್ ಕೇಳುವುದಿಲ್ಲ. ನನ್ನ ಕಾಲು ಮುಟ್ಟಿ, ಕಷ್ಟಪಟ್ಟು ನಾಲಿಗೆ ಹೊರಳಿಸಿ, “ಜುಮುಜುಮು?” ಎನ್ನುತ್ತಾರೆ.