ವೈನಿಯ ಸಪ್ಪೆ ಊಟ

ವೈನಿ, ನಿಮ್ಮ ಜೀವ ಉಳಿಸಿದವನು ನಾನಲ್ಲ. ಆರು ವರ್ಷಗಳಿಂದ, ಉಪ್ಪುನೀರಿನ ಲೋಟ ಕೈಯಲ್ಲಿ ಹಿಡಿದುಕೊಂಡು, ಬಂದವರಿಗೆಲ್ಲ ಮೈದುನನೇ ಉಳಿಸಿದನೆಂದು ಹೇಳುತ್ತೀರಿ. ನಾನು ತಲೆ ತಗ್ಗಿಸಿ ಚಹಾ ಕುಡಿಯುತ್ತೇನೆ — ಅದನ್ನವರು ವಿನಯ ಎಂದುಕೊಳ್ಳುತ್ತಾರೆ.

ಆ ವರ್ಷ ನೀವು ಕಪ್ಪಾಗುತ್ತ, ಸೊರಗುತ್ತ ಬಂದಿರಿ. ಪುಣೆಯ ಬಿಸಿಲು ಎಂದ ಅಣ್ಣ. ಆದರೆ ಬಿಸಿಲು ಅಂಗೈ ಗೆರೆಗಳೊಳಗೆ, ವಸಡಿನ ಮೇಲೆ ಹೇಗೆ ಬಿದ್ದೀತು? ವೈದ್ಯಕೀಯ ಓದುತ್ತಿದ್ದ ನನ್ನ ತಲೆಯಲ್ಲಿ ಅದೇ ಗುಂಗು. ಉಪ್ಪಿನಕಾಯಿ ಭರಣಿಯ ತಳದ ಉಪ್ಪನ್ನು ನೀವು ಬೆರಳಲ್ಲಿ ನೆಕ್ಕುವುದನ್ನೂ ಕಂಡಿದ್ದೆ. ಬಸುರಿಯಲ್ಲದವಳಿಗೂ ಬಸುರಿಯ ಬಯಕೆ ಎಂದು ಅವ್ವ ನಗುತ್ತಿದ್ದಳು.

ಕೊನೆಗೆ, ಗುಣವಾಗಲೆಂದು ನೀವು ಜೇಜುರಿಯ ಖಂಡೋಬನಿಗೆ ಹರಕೆ ಹೊತ್ತಿರಿ — ಹನ್ನೊಂದು ದಿನ ಉಪ್ಪು ಮುಟ್ಟುವುದಿಲ್ಲ.

ಮೂರನೆಯ ದಿನ ಗ್ರಂಥಾಲಯದಲ್ಲಿ ಉತ್ತರ ಸಿಕ್ಕಿತು. ಮೂತ್ರಪಿಂಡಗಳ ಮೇಲೆ ಟೊಪ್ಪಿಗೆಯಂತೆ ಕೂತ ಅಡ್ರಿನಲ್ ಗ್ರಂಥಿಗಳು. ಅವುಗಳ ಹೊರಪದರ ಸೋತರೆ ಮೈ ಉಪ್ಪನ್ನು ಹಿಡಿದಿಟ್ಟುಕೊಳ್ಳಲಾರದು, ಚರ್ಮ ಕಪ್ಪಾಗುತ್ತದೆ. ಅಂಥ ರೋಗಿಗೆ ಉಪ್ಪು ತಪ್ಪಿದರೆ ಪ್ರಾಣಕ್ಕೇ ಅಪಾಯ — ಅದೂ ಅದೇ ಪುಟದಲ್ಲಿತ್ತು. ಹೇಳಲು ನಾಚಿಕೆ, ನನಗೆ ಖುಷಿಯಾಯಿತು. ಓಡಿ ಬಂದು ನಿಮ್ಮ ತಟ್ಟೆಗೆ ಉಪ್ಪು ಹಾಕಬೇಕಿತ್ತು. ಬದಲಿಗೆ, ಅಭ್ಯಾಸಕ್ಕೆಂದು ಸುಳ್ಳು ಹೇಳಿ, ರಕ್ತದೊತ್ತಡ ಅಳೆಯುವ ಯಂತ್ರ ತಂದೆ.

ದಿನಾ ನಿಮ್ಮ ತೋಳಿಗೆ ಪಟ್ಟಿ ಸುತ್ತಿ, ಅಂಕಿಯನ್ನು ವಹಿಯಲ್ಲಿ ಬರೆದೆ. ಪಾದರಸ ಪುಸ್ತಕ ಹೇಳಿದಂತೆಯೇ ಇಳಿಯುತ್ತಿತ್ತು. ನಾಳೆ ಎಷ್ಟಿದ್ದೀತು? ನಾಡಿದ್ದು? ನಿಮ್ಮ ಮುಖ ನೋಡಿದ್ದೆನೋ ಇಲ್ಲವೋ — ನೆನಪಿಲ್ಲ.

ಆರನೆಯ ದಿನ ಅಡಿಗೆಮನೆಯ ಗೋಡೆ ಹಿಡಿದುಕೊಂಡು ಕೇಳಿದಿರಿ: "ಭಾಳ ಸುಸ್ತಾಗೇದೋ ವಾಮನಾ. ಡಾಕ್ಟರಕಿ ಓದಾಂವ ನೀ, ಹೇಳು — ವ್ರತಾ ಬಿಡ್ಲೇನು?"

"ಇನ್ನ ಐದ ದಿನ ಅಲ್ರೀ ವೈನಿ. ಮುಗಿಸಿಬಿಡ್ರಿ" ಎಂದೆ.

ಒಂಬತ್ತನೆಯ ದಿನ ನೀವು ಕುಸಿದು ಬಿದ್ದಿರಿ. ನಾಡಿ ಕೈಗೆ ಸಿಗಲಿಲ್ಲ. ಆಗ ಹೆದರಿದೆ — ಆಗ ಮಾತ್ರ. ನಮ್ಮ ಪ್ರಾಧ್ಯಾಪಕರನ್ನು ಕರೆತಂದೆ. ಅವರು ನರಕ್ಕೆ ಉಪ್ಪುನೀರು ಏರಿಸಿದರು, ಗ್ರಂಥಿಯ ಸತ್ವದ ಸೂಜಿ ಚುಚ್ಚಿದರು. ರೋಗದ ಹೆಸರು ಹೇಳಿದವನು ನಾನು, ಆ ಕ್ಷಣ ಹೊಳೆದವನಂತೆ. ಅಣ್ಣ ನನ್ನ ಎರಡೂ ಕೈ ಹಿಡಿದುಕೊಂಡು ಅತ್ತ.

ಬರುವ ವಾರ ನನ್ನ ದವಾಖಾನೆಯ ದೀಪ ನೀವೇ ಹಚ್ಚಬೇಕೆಂದು ಮನೆಯವರೆಲ್ಲ ನಿಶ್ಚಯಿಸಿದ್ದಾರೆ. ಅದಕ್ಕೂ ಮುಂಚೆ ಇದನ್ನು ಓದಿ. ಬರುವುದು ಬಿಡುವುದು ನಿಮಗೆ ಸೇರಿದ್ದು. ಆ ವಹಿಯನ್ನೂ ಇದರೊಡನೆ ಇಟ್ಟಿದ್ದೇನೆ. ಅಣ್ಣನಿಗೂ ತೋರಿಸಿ. ರೋಗದ ಹೆಸರು ಮೂರನೆಯ ದಿನದ ಪುಟದಲ್ಲಿದೆ.