ಚೈನಿನ ಇನ್ನೊಂದು ತುದಿ

ಕುಟ್ಟಿಚಾತ, ಗುಳಿಗ ಎಂಬ ಭೂತಗಳು, ಕಾರಣವರೆಂಬ ಸತ್ತ ಹಿರಿಯರು ಎಂದು ಯಾರಾದರೂ ಕಥೆ ಶುರು ಮಾಡಿದರೆ ಮೊದಲು ಎದ್ದು ಹೋಗುತ್ತಿದ್ದವನು ನಾನು. ಸುಮ್ಮನೆ ಹೋಗುತ್ತಿದ್ದೆನೇ ಎಂದರೆ ಅದೂ ಇಲ್ಲ. “ನಿಮ್ಮ ದೆವ್ವವನ್ನು ನಾಳೆ ಬೆಳಿಗ್ಗೆ ಕೆಲಸಕ್ಕೆ ಕಳಿಸಿ, ಹಾಜರಿ ಹಾಕುತ್ತೇನೆ” ಎಂದು ಒಂದು ಕುಟುಕು ಮಾತು ಎಸೆದೇ ಹೋಗುತ್ತಿದ್ದೆ. ಆದ್ದರಿಂದ ಈಗ ನಾನು ಹೇಳಹೊರಟಿರುವುದನ್ನು ಓದಿ ನೀವು ನಕ್ಕರೆ ಬೇಸರವಿಲ್ಲ; ಮಾಡಿದ್ದುಣ್ಣೋ ಮಹರಾಯ. ಆ ನಗುವಿಗೆ ಹೆದರಿಯೇ ಇಷ್ಟು ವರ್ಷ ಬರೆಯಲಿಲ್ಲ. ಆದರೆ ಬರೆಯದಿದ್ದರೂ ನೆಮ್ಮದಿಯಿಲ್ಲ. ಮಳೆಗಾಲ ಹಿಡಿದರೆ ಸಾಕು, ಕೂತಲ್ಲಿ ಕೂರಲಾಗುವುದಿಲ್ಲ.

ಕೊಡಗು ಮೈಸೂರು ರಾಜ್ಯಕ್ಕೆ ಸೇರಿ ಮೂರೋ ನಾಲ್ಕೋ ವರ್ಷವಾಗಿತ್ತು. ನಾನು ಕೊಡ್ಲಿಪೇಟೆ ಕಡೆಯವನು. ಚೆಟ್ಟಳ್ಳಿಯಿಂದ ಒಳಗೆ ಒಂದು ಕಾಫಿ ಎಸ್ಟೇಟಿನಲ್ಲಿ ಲೆಕ್ಕ, ಹಾಜರಿ ಬರೆಯುವ ರೈಟರ್ ಆಗಿದ್ದೆ. ಯಜಮಾನರು ಮೈಸೂರಿನಲ್ಲಿದ್ದು ತಿಂಗಳಿಗೊಮ್ಮೆ ಬಂದು ಹೋಗುತ್ತಿದ್ದರು. ಉಳಿದ ದಿನಗಳಲ್ಲಿ ಅಲ್ಲಿ ನನ್ನದೇ ದರ್ಬಾರು. ಇಪ್ಪತ್ತಾರರ ವಯಸ್ಸು, ಮೂಗಿನ ತುದಿಯಲ್ಲಿ ಕೋಪ, ತಲೆಯಲ್ಲಿ ಎಲ್ಲವೂ ನನಗೇ ಗೊತ್ತು ಎಂಬ ಗಾಳಿ.

ಕೂಲಿಯವರ ಸಾಲುಮನೆಗಳು, ಅಂದರೆ ಲೈನುಗಳು, ಕೆಳಗೆ ಹೊಳೆಯ ದಡದಲ್ಲಿದ್ದವು. ಅಲ್ಲಿಂದ ಮೇಲಿನ ರಸ್ತೆಗೆ ಬರಲು ಒಂದೇ ದಾರಿ, ಅದೂ ಕಡಿದಾದ ಏರು, ಕೆಂಪು ಜೇಡಿಮಣ್ಣು. ಮಳೆ ಬಿದ್ದರೆ ಆಡೂ ಜಾರುತ್ತಿತ್ತು. ಎಸ್ಟೇಟಿನಲ್ಲಿ ಯುದ್ಧ ಮುಗಿದ ಮೇಲೆ ಮಿಲಿಟರಿಯವರು ಮಾರಿದ ಹಳೆಯ ಜೀಪೊಂದಿತ್ತು. ಅದರ ಮೂತಿಯ ಮೇಲೆ ವಿಂಚು, ಅಂದರೆ ಇಂಜಿನ್ನಿನ ಬಲದಿಂದ ತಿರುಗುವ ಒಂದು ಉರುಳೆ, ಅದಕ್ಕೆ ಸುತ್ತಿದ ಉಕ್ಕಿನ ಹಗ್ಗ. ಹಗ್ಗದ ಕೊಕ್ಕೆಯನ್ನು ಏರಿನ ತಲೆಯಲ್ಲಿದ್ದ ಸಿಲ್ವರ್ ಓಕ್ ಮರಕ್ಕೆ ಬಿಗಿದರೆ ಜೀಪು ತನ್ನನ್ನು ತಾನೇ ಎಳೆದುಕೊಂಡು ಮೇಲೆ ಬರುತ್ತಿತ್ತು. ಬಿಗಿದು ಬಿಗಿದು ಮರದ ಸುತ್ತ ತೊಗಟೆ ಕಿತ್ತುಹೋಗಿ, ಆ ವರ್ಷ ಅದು ಒಣಗಿತು. ದಾರಿಗೆ ಬಿದ್ದೀತೆಂದು ನಾನೇ ಕಡಿಸಿದೆ. ಹಗ್ಗಕ್ಕೆ ಎಟಕುವಷ್ಟು ಹತ್ತಿರದಲ್ಲಿ ಬೇರೆ ಮರ ಇರಲಿಲ್ಲ, ಬರೀ ಕಾಫಿ ಗಿಡಗಳು.

ಆಗ ನನಗೆ ಒಂದು ಉಪಾಯ ಹೊಳೆಯಿತು. ಏರಿನ ತಲೆಯಲ್ಲಿ ದಾರಿಗೆ ಅಡ್ಡಲಾಗಿ ಎದೆಯಾಳದ ಗುಂಡಿ ತೋಡುವುದು. ಅದರಲ್ಲಿ ಒಂದು ಗಟ್ಟಿ ದಿಮ್ಮಿಯನ್ನು ಮಲಗಿಸಿ, ನಡುವಿಗೆ ಚೈನು ಸುತ್ತಿ, ಚೈನಿನ ತುದಿಯನ್ನು ಮಾತ್ರ ಹೊರಗೆ ಬಿಟ್ಟು ಮಣ್ಣು ಮುಚ್ಚುವುದು. ಇಡೀ ಗುಡ್ಡವೇ ದಿಮ್ಮಿಯನ್ನು ಹಿಡಿದಿರುತ್ತದೆ, ದಿಮ್ಮಿ ಚೈನನ್ನು ಹಿಡಿದಿರುತ್ತದೆ. ಮರ ಸಾಯುವ ತಾಪತ್ರಯವಿಲ್ಲ, ಮೊಮ್ಮಕ್ಕಳ ಕಾಲಕ್ಕೂ ಸಾಕು.

ದಿಮ್ಮಿಯೂ ಸಿಕ್ಕಿತು. ಎಸ್ಟೇಟು ಯಜಮಾನರ ಕೈಗೆ ಬರುವ ಮೊದಲು ಅಲ್ಲಿದ್ದ ಮನೆತನದವರ ಕೈಮಡ, ಎಂದರೆ ಹಿರಿಯರಿಗೆ ಎಡೆ ಇಡುವ ಪುಟ್ಟ ಗುಡಿ, ಗುಡ್ಡದ ಆಚೆ ಬದಿಯಲ್ಲಿ ಕುಸಿದು ಬಿದ್ದಿತ್ತು. ಅದರ ತೊಲೆಯೊಂದು ಹಾಗೇ ಉಳಿದಿತ್ತು. ಗೆದ್ದಲು ಮುಟ್ಟದ ಮರ, ಬಡಿದರೆ ಕಬ್ಬಿಣದ ಸದ್ದು. ಅದನ್ನೇ ತರಲು ಹೇಳಿದೆ.

ಮೇಸ್ತ್ರಿ ಬೆಳ್ಯಪ್ಪನಿಗೆ ಇದು ಹಿಡಿಸಲಿಲ್ಲ. ನನ್ನ ತಂದೆಯ ವಯಸ್ಸಿನವನು, ಅರೆಭಾಷೆ ಆಡುವ ಗೌಡ, ಮಾತು ಕಡಿಮೆ. “ರೈಟ್ರೇ, ಅದ್ ಕಾರಣವ್ರ ಮರ. ಮಣ್ಣಡಿಗೆ ಹಾಕಿ ಮೇಲೆ ನಡೆಯುದು ಬೇಡ. ನಾಳೆ ಮತ್ತಿ ಮರ ತರುವ” ಎಂದ. ಸತ್ತವರು ಸಂಬಳ ಕೊಡುತ್ತಾರೋ ನಾನು ಕೊಡುತ್ತೇನೋ ಎಂದು ನಾಲ್ಕು ಆಳುಗಳ ಮುಂದೆಯೇ ಕೇಳಿಬಿಟ್ಟೆ. ಅವನು ತಲೆ ತಗ್ಗಿಸಿದ. ಎಂಟು ಜನ ತೊಲೆಯನ್ನು ಹೊತ್ತು ತಂದರು. ಗುಂಡಿಯಲ್ಲಿ ಅದನ್ನು ಮಲಗಿಸಿದ್ದನ್ನೂ ಚೈನು ಸುತ್ತಿದ್ದನ್ನೂ ನಾನು ಕಣ್ಣಾರೆ ಕಂಡೆ. ಅಷ್ಟರಲ್ಲಿ ಹನಿ ಶುರುವಾಯಿತು. ಮಣ್ಣು ಮುಚ್ಚಿ ಚೆನ್ನಾಗಿ ದಮ್ಮಸ್ಸು ಮಾಡಿ ಎಂದು ಹೇಳಿ ಹಾಜರಿ ಪುಸ್ತಕ ಬರೆಯಲು ಆಫೀಸಿಗೆ ಹೋದೆ. ಮರುದಿನ ನೋಡಿದರೆ ಅಂಗಳದ ಹಾಗೆ ಸಮವಾದ ನೆಲ, ನಡುವೆ ಚೈನಿನ ಕೊನೆಯ ಬಳೆ. ಶಹಭಾಸ್ ಎಂದೆ. ಬೆಳ್ಯಪ್ಪ ಗುದ್ದಲಿ ಎತ್ತಿಕೊಂಡು ತೋಟಕ್ಕೆ ಇಳಿದ.

ಆ ವರ್ಷ ಮುಂಗಾರು ತಡ; ಇದಾಗಿ ಒಂದೂವರೆ ತಿಂಗಳು ಏರು ಗಟ್ಟಿಯಾಗಿಯೇ ಇತ್ತು, ಚೈನಿನ ಅಗತ್ಯ ಬೀಳಲಿಲ್ಲ. ಆಮೇಲೆ ಕಕ್ಕಡದ, ಅಂದರೆ ಆಷಾಢದ, ಮಳೆ ಹಿಡಿಯಿತು.

ಬೆಳ್ಯಪ್ಪನ ಮಗಳು ಪಾರ್ವತಿ ಚೊಚ್ಚಲ ಹೆರಿಗೆಗೆಂದು ತವರಿಗೆ ಬಂದಿದ್ದಳು. ಒಂದು ದಿನ ಬೆಳಗಿನಿಂದ ನೋವು ತಿನ್ನುತ್ತಿದ್ದಾಳೆ, ಮಗು ಬರುತ್ತಿಲ್ಲ ಎಂದು ಸುದ್ದಿ ಬಂತು. ಮಧ್ಯಾಹ್ನದ ಹೊತ್ತಿಗೆ ಸೂಲಗಿತ್ತಿ ಮುದುಕಿ ಕೈ ಚೆಲ್ಲಿದಳು. ಕೂಸು ಅಡ್ಡ ಮಲಗಿದೆ, ಮಡಿಕೇರಿ ಆಸ್ಪತ್ರೆಗೆ ಮುಟ್ಟಿಸದಿದ್ದರೆ ಎರಡು ಜೀವವೂ ಹೋಗುತ್ತದೆ ಎಂದಳು. ನಾನೂ ಡ್ರೈವರ್ ಅಬ್ಬಾಸನೂ ಜೀಪನ್ನು ಜಾರಿಸಿಕೊಂಡೇ ಲೈನಿಗೆ ಇಳಿಸಿದೆವು. ಹಿಂದಿನ ಸೀಟು ಕಿತ್ತು, ಹಾಸಿಗೆ ಹಾಕಿ, ಹುಡುಗಿಯನ್ನು ಮಲಗಿಸಿದೆವು. ಅವಳ ತಾಯಿ ತಲೆಯ ಹತ್ತಿರ ಕೂತಳು. ಮೂರು ಗಂಟೆ ಹಗಲಾದರೂ ಮಂಜಿನಲ್ಲಿ ಹತ್ತು ಮಾರು ಆಚೆಗಿನದು ಕಾಣುತ್ತಿರಲಿಲ್ಲ. ಹಿಂದೆ ಹೊಳೆ ದಡ ಮೀರಿ ಬೊಬ್ಬೆ ಹೊಡೆಯುತ್ತಿತ್ತು.

ನಾನು ಕೊಕ್ಕೆ ಹಿಡಿದು ಏರು ಹತ್ತಿದೆ. ಬೆಳ್ಯಪ್ಪ ನನಗಿಂತ ಮೊದಲೇ ಚೈನಿನ ಹತ್ತಿರ ನಿಂತಿದ್ದ. ಮಳೆಯಲ್ಲಿ ಅವನ ಮುಖ ಸುಣ್ಣದ ಹಾಗಿತ್ತು. “ರೈಟ್ರೇ, ಬೇರೆ ಎಂಥದಕ್ಕಾದ್ರೂ ಹಾಕಿಕೆ ಆಗದಾ?” ಎಂದ. ಮಗಳು ಸಾಯುತ್ತಿರುವಾಗಲೂ ಇವನಿಗೆ ಕಾರಣವರ ಚಿಂತೆ ಎಂದು ನನ್ನ ಮೈ ಉರಿಯಿತು. ಬಾಯಿಗೆ ಬಂದದ್ದು ಬೈದು, ಕೊಕ್ಕೆಯನ್ನು ಚೈನಿಗೆ ಸಿಕ್ಕಿಸಿ, ಅಬ್ಬಾಸನಿಗೆ ಕೂಗಿದೆ.

ಹಗ್ಗ ಬಿಗಿಯಿತು. ಆಗ ಬೆಳ್ಯಪ್ಪ ಒಂದು ಕೆಲಸ ಮಾಡಿದ. ಗುಂಡಿ ಮುಚ್ಚಿದ ನೆಲದ ಮೇಲೆ, ಕೆಸರಿನಲ್ಲಿ, ಕೈಕಾಲು ಚಾಚಿ ಬೋರಲು ಮಲಗಿಬಿಟ್ಟ. ಚೈನು ಸಿಡಿದರೆ ಅವನ ತಲೆಯೇ ಹಾರಿಹೋಗುತ್ತಿತ್ತು. ಏಳು ಎಂದು ಕಿರುಚಿದೆ, ಏಳಲಿಲ್ಲ. ದುಃಖಕ್ಕೆ ತಲೆ ಕೆಟ್ಟಿದೆ ಎಂದುಕೊಂಡು, ಚಕ್ರದ ಹಿಂದೆ ಕಲ್ಲು ಕೊಡಲು ಕೆಳಗೆ ಓಡಿದೆ.

ಆ ಏರು ಹತ್ತಲು ಅರ್ಧ ಗಂಟೆ ಬೇಕಾಯಿತು. ನಾಲ್ಕು ಚಕ್ರವೂ ಸುಮ್ಮನೆ ತಿರುಗುತ್ತಿದ್ದವು. ಜೀಪು, ಒಳಗಿನ ಜನ, ಎಲ್ಲ ಭಾರವೂ ಆ ಹಗ್ಗದ ಮೇಲೆಯೇ ಇತ್ತು. ಎರಡು ಸಲ ಜೀಪು ಅಡ್ಡ ತಿರುಗಿ ಹೊಳೆಯ ಕಡೆಗೆ ಜೋಲಿತು. ಒಳಗಿನಿಂದ ಪಾರ್ವತಿಯ ಕೂಗು ಮೊದಲು ಜೋರಾಗಿತ್ತು, ಆಮೇಲೆ ಕ್ಷೀಣವಾಯಿತು, ಆಮೇಲೆ ನಿಂತೇಹೋಯಿತು. ಅದು ನಿಂತದ್ದೇ ನಾನು ಇನ್ನೊಂದು ಕಲ್ಲು ಎತ್ತಿ ಚಕ್ರದ ಹಿಂದೆ ತುರುಕಿದೆ. ಅಬ್ಬಾಸ್ ಹಲ್ಲು ಕಚ್ಚಿಕೊಂಡು “ಪಡಚ್ಚೋನೇ, ಪಡಚ್ಚೋನೇ” ಎಂದು ದೇವರನ್ನು ಕರೆಯುತ್ತಿದ್ದ. ಚೈನು ಒಂದು ಬೆರಳಿನಷ್ಟೂ ಜಗ್ಗಲಿಲ್ಲ. ಜೀಪು ಮೇಲೆ ಬಂತು, ಬೆಳ್ಯಪ್ಪ ಎದ್ದು ಮಗಳ ಹತ್ತಿರ ಹತ್ತಿದ, ಕೊಕ್ಕೆ ಬಿಚ್ಚಿದೆ, ಅವರು ಮಡಿಕೇರಿಗೆ ಹೋದರು. ಮರುದಿನ ಸುದ್ದಿ ಬಂತು: ಹೆಣ್ಣು ಮಗು, ತಾಯಿಯೂ ಉಳಿದಳು.

ಮೂರನೆಯ ದಿನ ಬೆಳ್ಯಪ್ಪ ಆಫೀಸಿನ ಬಾಗಿಲಿಗೆ ಬಂದು ನಿಂತ. ಒಳಗೆ ಬಾ ಎಂದರೂ ಬರಲಿಲ್ಲ.

“ಆ ಗುಂಡಿಲಿ ಎಂಥದೂ ಇಲ್ಲೆ, ರೈಟ್ರೇ” ಎಂದ.

ನನಗೆ ಅರ್ಥವಾಗಲಿಲ್ಲ. ಅವನು ನಿಧಾನವಾಗಿ ಹೇಳಿದ. ಅಂದು ನಾನು ಆಫೀಸಿಗೆ ಹೋದ ಮೇಲೆ, ಹಿರಿಯರ ಮರವನ್ನು ಕಾಲಡಿಗೆ ಹೂಳಲು ಒಬ್ಬರ ಕೈಯೂ ಏಳಲಿಲ್ಲವಂತೆ. ತೊಲೆಯನ್ನು ಎತ್ತಿ, ಹೊತ್ತುಕೊಂಡು ಹೋಗಿ, ಇದ್ದ ಜಾಗದಲ್ಲೇ ಇಟ್ಟು, ತಪ್ಪಾಯಿತೆಂದು ಕೈ ಮುಗಿದು ಬಂದರಂತೆ. ನಾಳೆ ಮತ್ತಿ ದಿಮ್ಮಿ ತಂದು ಹಾಕಿದರಾಯಿತೆಂದು, ನಾನು ಬಂದು ನೋಡಿದರೆ ಗೊತ್ತಾಗದ ಹಾಗೆ, ಬರೀ ಚೈನನ್ನು ಒಳಗಿಟ್ಟು ಮಣ್ಣು ಮುಚ್ಚಿದರಂತೆ. ಮರುದಿನ ನಾನು ಶಹಭಾಸ್ ಎಂದುಬಿಟ್ಟೆ. ಆಮೇಲೆ ನನ್ನ ಬಾಯಿಗೆ ಹೆದರಿ ಯಾರೂ ಉಸಿರೆತ್ತಲಿಲ್ಲ.

“ಮತ್ತೆ ಮಗಳು ಜೀಪಿನಲ್ಲಿದ್ದಾಗಲಾದರೂ ಹೇಳಬಾರದಾಗಿತ್ತೇನೋ?” ಎಂದೆ.

“ಹೇಳಿದ್ರೆ ನೀವು ನಿಲ್ಲಿಸ್ತಿದ್ರಿ. ನಿಲ್ಸಿ ಎಂಥ ಮಾಡುದು? ಹಗ್ಗ ಹಾಕಿಕೆ ಬೇರೆ ಮರ ಇಲ್ಲೆ. ಅದಕ್ಕೇ ನಾನ್ ಮಲಗ್ದೆ.”

ಮಲಗಿದ್ದಾಗ ಕೆಳಗೆ ಏನಾದರೂ ತಿಳಿಯಿತೇ ಎಂದು ಕೇಳಿದೆ. ಅವನು ತನ್ನ ಅಂಗೈ ನೋಡಿಕೊಂಡ. “ಅದ್ನ ಕೇಳ್ಬೇಡಿ” ಎಂದಷ್ಟೇ ಹೇಳಿ ಹೊರಟುಹೋದ.

ನಾನು ಬಿಡುವವನೇ? ಮೊದಲು ಗುಡ್ಡದ ಆಚೆ ಓಡಿ ನೋಡಿದೆ. ತೊಲೆ ತನ್ನ ಜಾಗದಲ್ಲೇ ಇತ್ತು. ಅದಕ್ಕೂ ಗೋಡೆಗೂ ನಡುವೆ ಜೇಡ ಬಲೆ ಕಟ್ಟಿತ್ತು. ಆಮೇಲೆ ಅಬ್ಬಾಸನನ್ನು ಕರೆದು, ಖಾಲಿ ಜೀಪನ್ನು ಏರಿನ ಅರ್ಧಕ್ಕೆ ನಿಲ್ಲಿಸಿ, ಅದೇ ಚೈನಿಗೆ ಕೊಕ್ಕೆ ಹಾಕಿಸಿದೆ. ಉರುಳೆ ಎರಡು ಸುತ್ತು ತಿರುಗಿರಬಹುದು, ಅಷ್ಟೇ. ಮಡಿಯಿಂದ ಮೂಲಂಗಿ ಕಿತ್ತ ಹಾಗೆ ಚೈನು ನೆಲದಿಂದ ಎದ್ದು ಬಂತು. ಅಬ್ಬಾಸ್ ಇಳಿದು ಬಂದು ಅದನ್ನು ನೋಡಿದ, ನನ್ನನ್ನು ನೋಡಿದ. ಗುಂಡಿಯನ್ನು ತಳದವರೆಗೆ ತೋಡಿಸಿದೆ. ಮಣ್ಣು ಬಿಟ್ಟರೆ ಮುಷ್ಟಿಗಾತ್ರದ ಕಲ್ಲುಗಳು. ಚೈನು ಸಿಕ್ಕಿಕೊಳ್ಳುವಂಥ ಬಂಡೆಯಿಲ್ಲ, ಬೇರಿಲ್ಲ.

ಮೊದಲ ಎಳೆತಕ್ಕೇ ಮಣ್ಣು ಸಡಿಲವಾಗಿತ್ತು, ಎರಡನೆಯದಕ್ಕೆ ಕಿತ್ತು ಬಂತು ಎನ್ನಬಹುದು. ಜೇಡಿಮಣ್ಣು ನೆನೆದರೆ ಹೀರಿ ಹಿಡಿಯುತ್ತದೆ ಎಂದು ರಸ್ತೆ ಕೆಲಸದ ಓವರ್‌ಸಿಯರ್ ಒಬ್ಬರು ಹೇಳಿದರು. ಅರ್ಧ ಗಂಟೆ ಹಿಡಿಯುತ್ತದೆಯೇ ಎಂದು ಕೇಳಿದ್ದಕ್ಕೆ ಅವರು ಕಾಫಿ ಕುಡಿದು ಎದ್ದರು. ಮುಂದಿನ ವಾರ ಮತ್ತಿ ದಿಮ್ಮಿ ಹಾಕಿಸಿದೆವು. ಕೊನೆಯ ಬುಟ್ಟಿ ಮಣ್ಣು ಬೀಳುವವರೆಗೂ ನಾನೂ ಬೆಳ್ಯಪ್ಪನೂ ಗುಂಡಿಯ ಅಂಚಿನಲ್ಲಿ ನಿಂತಿದ್ದೆವು. ಅವನನ್ನು ನಾನು ಮತ್ತೆ ಯಾರ ಮುಂದೆಯೂ ಬೈಯಲಿಲ್ಲ. ದೆವ್ವದ ಹೆದರಿಕೆಯಿಂದಲ್ಲ. ನನ್ನ ನಾಲಿಗೆಗೆ ಅಂಜಿ ಎಂಟು ಗಂಡಸರು ಸುಮ್ಮನಿದ್ದರು, ಅದರಿಂದ ಒಂದು ಹುಡುಗಿ, ಅವಳ ಹೊಟ್ಟೆಯ ಕೂಸು, ಅವಳ ತಾಯಿ, ಅಬ್ಬಾಸ್ ಎಲ್ಲರೂ ಹೊಳೆ ಪಾಲಾಗುತ್ತಿದ್ದರು. ಅದನ್ನು ನೆನೆದರೆ ಈಗಲೂ ಎದ್ದು ನಾಲ್ಕು ಹೆಜ್ಜೆ ತಿರುಗಾಡಿ ಬರಬೇಕಾಗುತ್ತದೆ.

ಒಂದು ಸಂಗತಿಯನ್ನು ಬೆಳ್ಯಪ್ಪನಿಗೂ ಹೇಳಲಿಲ್ಲ, ಅಬ್ಬಾಸನಿಗೂ ಹೇಳಲಿಲ್ಲ. ಅಂದು ಜೀಪು ಮೇಲೆ ಬಂದ ಮೇಲೆ ಕೊಕ್ಕೆ ಬಿಚ್ಚಿದವನು ನಾನು. ಅಬ್ಬಾಸ್ ಹಗ್ಗ ಸಡಿಲ ಬಿಟ್ಟ. ಹಗ್ಗ ನೆಲಕ್ಕೆ ಬಿತ್ತು. ಕೊಕ್ಕೆ ಕಳಚಿದೆ. ಚೈನಿನ ಬಳೆ ಮಾತ್ರ ನನ್ನ ಕೈಯಲ್ಲಿತ್ತು. ಅದೂ ಆಗ ಜೋತು ಬೀಳಬೇಕಿತ್ತು. ಬೀಳಲಿಲ್ಲ. ನನ್ನ ಕೈಗೂ ನೆಲಕ್ಕೂ ನಡುವೆ ಅದು ಬಿಗಿಯಾಗಿಯೇ ನಿಂತಿತ್ತು, ಒಂದು ಉಸಿರು ಬಿಡುವಷ್ಟು ಹೊತ್ತು. ಆಮೇಲೆ ಒಂದೊಂದೇ ಕೊಂಡಿಯಾಗಿ, ಮೆಲ್ಲಗೆ ಸಡಿಲವಾಯಿತು. ಆಚೆ ತುದಿ ಹಿಡಿದವರು ನಮ್ಮ ಕೆಲಸ ಮುಗಿಯಿತೇ ಎಂದು ನೋಡಿಕೊಂಡು ಕೈ ಬಿಡುವುದು ಹಾಗೆಯೇ. ನಾನು ಅದನ್ನು ಕೆಸರಿಗೆ ಎಸೆದು, ಅಬ್ಬಾಸನಿಗೆ ಹೊರಡು ಎಂದು ಕೂಗಿದೆ. ಹಿಡಿದವರಿಗೆ ಒಂದು ಮಾತೂ ಹೇಳಲಿಲ್ಲ. ಈಗ ಹೇಳೋಣವೆಂದರೆ, ಯಾರಿಗೆ ಹೇಳಬೇಕೋ ಗೊತ್ತಿಲ್ಲ.